ಹೂಳಿದ ಭಾಂಡವೂ ದ್ರಾಕ್ಷೆಯ ಸಿಪ್ಪೆಯೂ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ ಅಬಲೂರು ಎರಡು ಕಾರಣಗಳಿಂದ ಕನ್ನಡಿಗರಿಗೆ ಪರಿಚಿತವಾದ ಗ್ರಾಮವಾಗಿರುವುದು. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವು, ಏಕಾಂತದ ರಾಮಯ್ಯನು ತನ್ನ ಶಿರಸ್ಸನ್ನೇ ಪಣವಾಗಿಟ್ಟು ಜೈನರೊಡನೆ ವಾದ ಹೂಡಿದ ಕಥೆಯನ್ನೂ, ಕಲಚುರಿ ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತುದನ್ನೂ ಹೇಳುತ್ತದೆ. ಫ್ಲೀಟ್ ಸಾಹೇಬರು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ೫ನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ಊರಿನ ಹೆಸರು ವಿದ್ವಾಂಸರ ಬಾಯಿಗೆ ಬಂದಿತು. ಎರಡನೆಯ ಕಾರಣ ಸರ್ವಜ್ಞ. ಮಾಸೂರಿನ ಬಸವರಸನೆಂಬ ಬ್ರಾಹ್ಮಣನಿಂದ ಅಬಲೂರಿನ ಕುಂಬಾರಗಿತ್ತಿ ಮಾಳಿಯಲ್ಲಿ ಸರ್ವಜ್ಞನು ಜನಿಸಿದನೆಂಬ ಐತಿಹ್ಯವಿದೆ. ಈ ಕಥೆಯನ್ನು ಹೇಳುವ ವಚನಗಳು ಪ್ರಕ್ಷಿಪ್ತವೆಂಬ ಮತವೂ ಉಂಟು. ಅದು ಹೇಗೇ ಇರಲಿ, ತಮ್ಮ ಮೆಚ್ಚಿನ ಕವಿಯ ತಾಯಿಯನ್ನು ಜನರು ಕುಂಬಾರರ ಮನೆಯಲ್ಲಿ ಹುಡುಕಿದರೆಂಬುದಂತೂ ನಿಜ.

ರಾಮಯ್ಯನ ವಾದಕ್ಕೆ ಶಿಲಾಶಾಸನವಿದೆ. ಮಾಳಿಯ ಕುಲದವರು ತಟ್ಟಿದ ಗಡಿಗೆಗೆ ಯಾವ ಶಾಸನವೂ ಇಲ್ಲ. ಅದು ಒಡೆದು ಬೋಕಿಯಾಗಿ ಹಾಳುದಿಬ್ಬಗಳಲ್ಲಿ ಬಿದ್ದಿರುತ್ತದೆ. ಆದರೂ ಆ ಗಡಿಗೆಯು ನೀರು, ಧಾನ್ಯ, ಮಜ್ಜಿಗೆಗಳಿಗೆ ಮಾತ್ರ ಆಶ್ರಯವಾಗಿದ್ದುದಲ್ಲ. ಪಂಡಿತವೈದ್ಯರ ಮನೆಗಳಲ್ಲಿ ಆಸವಾರಿಷ್ಟಗಳು ಪಕ್ವವಾಗುತ್ತಿದ್ದುದು ಇಂಥ ಮಣ್ಣಿನ ಭಾಂಡಗಳಲ್ಲಿಯೇ. ಅವುಗಳಲ್ಲಿ ದ್ರಾಕ್ಷಾಸವಕ್ಕೂ ದ್ರಾಕ್ಷಾರಿಷ್ಟಕ್ಕೂ ಮೊದಲಿನಿಂದ ಮನ್ನಣೆ ಹೆಚ್ಚು. ಈಚೆಗೆ ಐರೋಪ್ಯ ದೇಶಗಳಲ್ಲಿ ಬಿಳಿಯ ದ್ರಾಕ್ಷೆಯನ್ನು ಸಿಪ್ಪೆಸಹಿತವಾಗಿ ಮಣ್ಣಿನ ಭಾಂಡದಲ್ಲಿ ಹುದುಗಿಸುವ ಒಂದು ಪದ್ಧತಿಗೆ ಬಹಳ ಪ್ರಶಂಸೆ ಬಂದಿದೆ. ಅದರ ವಿವರವನ್ನು ಕೇಳಿದ ಕನ್ನಡಿಗನಿಗೆ ‘ಇದು ವೈದ್ಯರ ದ್ರಾಕ್ಷಾಸವವೇ ಅಲ್ಲವೆ?’ ಎಂದೆನಿಸುವುದು ಸಹಜ. ಆ ಅನಿಸಿಕೆಯಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ದ್ರಾಕ್ಷೆಯ ವಿಚಾರ. ಅಮರಸಿಂಹನು ಅದಕ್ಕೆ ಮೃದ್ವೀಕಾ, ಗೋಸ್ತನೀ ಮೊದಲಾದ ಪರ್ಯಾಯಪದಗಳನ್ನು ಕೊಟ್ಟಿದ್ದಾನೆ. ಎರಡನೆಯ ಹೆಸರು ಹಣ್ಣು ಹಸುವಿನ ಮೊಲೆಯ ಆಕಾರದಲ್ಲಿರುವುದರಿಂದ ಬಂದುದು. ಆದರೆ ಪ್ರಾಚೀನರು ಹೊಗಳಿದ ದ್ರಾಕ್ಷೆಯು ದಕ್ಷಿಣಾಪಥದ್ದಲ್ಲ, ಉತ್ತರದ್ದು. ಪಾಣಿನಿಯು ಕಾಪಿಶೀ ಎಂಬ ನಗರದ ಹೆಸರಿನಿಂದ ‘ಕಾಪಿಶಾಯನ’ ಎಂಬ ರೂಪವನ್ನು ಸಾಧಿಸಲು ಒಂದು ಸೂತ್ರವನ್ನೇ ರಚಿಸಿದನು. ವೃತ್ತಿಕಾರರು ಅದಕ್ಕೆ ಉದಾಹರಣೆಯಾಗಿ ಅಲ್ಲಿಯ ಮಧುವನ್ನೂ ದ್ರಾಕ್ಷೆಯನ್ನೂ ಹೇಳುವರು. ಈ ಕಾಪಿಶಿಯು ಇಂದಿನ ಆಫ್ಘಾನಿಸ್ಥಾನದ ಬೆಗ್ರಾಮ್ ಪ್ರದೇಶ. ಕೌಟಿಲ್ಯನೂ ಸುರಾಧ್ಯಕ್ಷಪ್ರಕರಣದಲ್ಲಿ, ದ್ರಾಕ್ಷೆಯ ರಸದಿಂದಾದುದೇ ಮಧುವೆಂದೂ, ಹುಟ್ಟಿದ ದೇಶವನ್ನನುಸರಿಸಿ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳೆಂದೂ ತಿಳಿಸುತ್ತಾನೆ. ಅಕ್ಕಿ, ಹಿಟ್ಟು, ಬೆಲ್ಲಗಳಿಂದಾಗುವ ಮದ್ಯಗಳಿಗೆ ಅವನು ಪ್ರಮಾಣಸಹಿತ ವಿಧಾನವನ್ನು ಬರೆದಿರುವನು. ಮಧುವಿಗೆ ಬಂದಾಗ ಇಷ್ಟಕ್ಕೇ ನಿಲ್ಲಿಸಿರುವನು. ಹೊರಗಿನಿಂದ ಬರುವ ಸರಕಿಗೆ ಹೆಸರು ತಿಳಿದರೆ ಸಾಕು, ಪಾಕ ತಿಳಿಯಬೇಕಾಗಿಲ್ಲವೆಂದು ಭಾವಿಸಿದಂತೆ ತೋರುತ್ತದೆ. ಈ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ರುದ್ರಪಟ್ಣದ ಶಾಮಾಶಾಸ್ತ್ರಿಗಳ ಕೈಯಿಂದ, ೧೯೦೯ರಲ್ಲಿ ಅದು ಅಚ್ಚಾದಾಗ ಎಂಬುದನ್ನು ವಾಚಕರು ಬಲ್ಲರು.

ಕನ್ನಡದ ಚಂಪೂಕಾವ್ಯಗಳ ವನವರ್ಣನೆಯಲ್ಲಿ ದ್ರಾಕ್ಷಾಲತಾಮಂಟಪಗಳು ಬರುವುದುಂಟಲ್ಲ ಎಂದು ಯಾರಾದರೂ ಕೇಳಬಹುದು. ಅದು ಕವಿಸಮಯ. ಹಿಮವತ್ಪರ್ವತವನ್ನು ಕಾಣದವನೂ ಅದನ್ನು ವರ್ಣಿಸಿದಂತೆ, ದ್ರಾಕ್ಷೆಯ ಬಳ್ಳಿಯನ್ನು ನೆಡದವನೂ ಅದರ ನೆರಳಿನಲ್ಲಿ ನಾಯಕನನ್ನು ಕೂರಿಸಬಲ್ಲನು. ಕಲ್ಯಾಣದ ಚಾಲುಕ್ಯ ೩ನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಮದಿರಾಪಾನಕ್ರೀಡೆಗೂ ಎಡೆಗೊಟ್ಟಿರುವುದು ದಿಟ, ಅಬಲೂರು ಸೇರಿದ್ದ ಬನವಾಸಿನಾಡು ಅವನ ಆಳಿಕೆಗೆ ಒಳಪಟ್ಟಿದ್ದುದೂ ದಿಟ. ಆದರೆ ಅರಮನೆಯ ಕ್ರೀಡೆಯಿಂದ ಹಳ್ಳಿಯ ತೋಟವನ್ನು ಊಹಿಸುವುದು ಚರಿತ್ರಕಾರನ ಕೆಲಸವಲ್ಲ. ದ್ರಾಕ್ಷೆಯು ಪಂಡಿತರಿಗೆ ತೋಟದಲ್ಲಿ ಕಾಣುವುದಕ್ಕಿಂತ ಅಲಂಕಾರಶಾಸ್ತ್ರದಲ್ಲಿ ಹೆಚ್ಚು ಕಂಡಿತು. ಒಳಗೂ ಹೊರಗೂ ರಸವು ಹೊಳೆಯುವ ಕಾವ್ಯಕ್ಕೆ ದ್ರಾಕ್ಷಾಪಾಕವೆಂದೂ, ರಸವನ್ನು ಒಳಗೆ ಬಚ್ಚಿಟ್ಟುಕೊಂಡ ಕಾವ್ಯಕ್ಕೆ ನಾರಿಕೇಲಪಾಕವೆಂದೂ ವಿದ್ಯಾನಾಥಾದಿಗಳು ಹೆಸರಿಟ್ಟರು. ತೆಂಗಿನಕಾಯಿಯ ಕರಟವನ್ನು ಎಲ್ಲರೂ ಲೆಕ್ಕಕ್ಕೆ ಹಿಡಿದರು. ದ್ರಾಕ್ಷೆಗೂ ಒಂದು ಸಿಪ್ಪೆಯುಂಟೆಂಬುದನ್ನು ಆಲಂಕಾರಿಕರು ಮರೆತರು. ಮರೆಯದವರು ವೈದ್ಯರು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ೮೪ ಆಸವಗಳ ಎಣಿಕೆಯಿದೆ. ಧಾನ್ಯ, ಫಲ, ಮೂಲ, ಸಾರ, ಪುಷ್ಪ, ಕಾಂಡ, ಪತ್ರ, ತ್ವಕ್ಕು, ಶರ್ಕರೆಗಳೆಂಬ ಒಂಬತ್ತು ಯೋನಿಗಳಿಂದ ಅವು ಹುಟ್ಟುವುವು. ಅವುಗಳಲ್ಲಿ ಫಲಾಸವಗಳು ೨೬, ಮೊದಲನೆಯದು ಮೃದ್ವೀಕೆಯದು. ಬಳಿಕ ಶಾರ್ಙ್ಗಧರನು ಆಸವಕ್ಕೂ ಅರಿಷ್ಟಕ್ಕೂ ಸ್ಪಷ್ಟವಾದ ಭೇದವನ್ನು ಹೇಳಿದನು. ಔಷಧವನ್ನು ಕುದಿಸದೆ ನೀರಿನಲ್ಲಿ ಹಾಕಿ ಹುದುಗಿಸಿದರೆ ಆಸವ; ಕಷಾಯ ಮಾಡಿ ಹುದುಗಿಸಿದರೆ ಅರಿಷ್ಟ. ಬಳಕೆಯಲ್ಲಿ ಈ ಭೇದವು ಅಷ್ಟಾಗಿ ಉಳಿಯಲಿಲ್ಲ. ಇಂದು ದ್ರಾಕ್ಷಾಸವವೆಂದು ಮಾರುವುದಕ್ಕೂ ಬಹುಮಟ್ಟಿಗೆ ದ್ರಾಕ್ಷೆಯನ್ನು ಕುದಿಸಿಯೇ ಮಾಡುತ್ತಾರೆ.

ಇನ್ನು ಭಾಂಡದ ಸಂಸ್ಕಾರ. ಮಣ್ಣಿನ ಪಾತ್ರೆ ಗಟ್ಟಿಯಾಗಿ ಬೆಂದಿರಬೇಕು. ಒಳಮೈಗೆ ತುಪ್ಪವನ್ನು ಸವರಬೇಕು. ಮಣ್ಣಿನ ಸೂಕ್ಷ್ಮರಂಧ್ರಗಳು ಅದರಿಂದ ಮುಚ್ಚುವುವು. ಅಗರು, ಚಂದನ ಮೊದಲಾದವುಗಳ ಹೊಗೆ ಹಿಡಿಸಬೇಕು. ರಸವನ್ನು ಕಂಠದವರೆಗೆ ತುಂಬದೆ ಉಬ್ಬಲು ಎಡೆಬಿಟ್ಟು, ಬಾಯಿಗೆ ಮುಚ್ಚಳವಿಟ್ಟು, ಮಣ್ಣು ಮೆತ್ತಿದ ಬಟ್ಟೆಯಿಂದ ಸಂಧಿಬಂಧನ ಮಾಡಿ, ಧಾನ್ಯರಾಶಿಯ ನಡುವೆಯಾಗಲಿ ನೆಲದೊಳಗಾಗಲಿ ಹುಗಿದಿಡಬೇಕು. ಹದಿನೈದು ದಿನ, ಒಂದು ತಿಂಗಳು, ಋತುವನ್ನು ನೋಡಿ ಹೆಚ್ಚು ಕಡಮೆ. ಕಿವಿಯಿಟ್ಟರೆ ಒಳಗೆ ಸಣ್ಣ ಸಪ್ಪಳ ಕೇಳಿಸುತ್ತದೆ. ಉರಿಯುವ ಕಡ್ಡಿಯನ್ನು ಬಾಯಿಗೆ ಹಿಡಿದರೆ ಆರಿಹೋಗುತ್ತದೆ. ಸಪ್ಪಳ ನಿಂತು ಕಡ್ಡಿ ಆರದೆ ಉರಿದರೆ ಸಂಧಾನವು ಮುಗಿಯಿತೆಂದು ತಿಳಿಯಬೇಕು.

ಧಾರವಾಡಸೀಮೆಯ ಒಕ್ಕಲಿಗರಿಗೆ ಈ ಪರೀಕ್ಷೆಯು ಅಪರಿಚಿತವಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಮೇಲೆ ಚಪ್ಪಡಿಯಿಟ್ಟು ಮಣ್ಣು ಮುಚ್ಚುವ ವಾಡಿಕೆ ಇಲ್ಲಿ ಬಹುಕಾಲದ್ದು. ಹಗೇವನ್ನು ತೆಗೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವರು. ಕಾಳು ಉಸಿರಾಡಿ ಬಿಟ್ಟ ಅಂಗಾರಾಮ್ಲವಾಯುವೂ, ರಸವು ಹುದುಗಿ ಬಿಟ್ಟ ವಾಯುವೂ ಒಂದೇ. ನೆಲದ ಹೊಟ್ಟೆಯಲ್ಲಿ ಬಿಸಿಲುಚಳಿಗಳು ಸಮನಾಗಿರುವುವೆಂಬುದೂ, ಮುಚ್ಚಿದ ಬಾಯಿಯನ್ನು ಅವಸರದಿಂದ ತೆರೆಯಬಾರದೆಂಬುದೂ ಈ ನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಗಳಾಗಿರಲಿಲ್ಲ.

ಇದೇ ಭಾಂಡವನ್ನು ಹತ್ತುಪಾಲು ನೂರುಪಾಲು ದೊಡ್ಡದಾಗಿ ಕಲ್ಪಿಸಿಕೊಂಡರೆ ಜಾರ್ಜಿಯಾ ದೇಶದ ಕ್ವೆವ್ರಿ ಆಗುವುದು. ಕಪ್ಪುಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತದ ತೆಂಕಣ ತಪ್ಪಲಲ್ಲಿ ಆ ದೇಶವಿದೆ. ಅದರ ಪೂರ್ವಭಾಗವಾದ ಕಾಖೇತಿಯು ದ್ರಾಕ್ಷೆಯ ಸೀಮೆ. ಕ್ವೆವ್ರಿಯು ಹಿಡಿಯಿಲ್ಲದ, ತಳ ಚೂಪಾದ, ಮೊಟ್ಟೆಯಂಥ ಗುಡಾಣ. ಕೆಲವು ಕೊಡಗಳಷ್ಟು ರಸ ಹಿಡಿಯುವುದರಿಂದ ಮೊದಲಾಗಿ ಸಾವಿರಾರು ಲೀಟರು ಹಿಡಿಯುವವುಗಳವರೆಗೆ ಇರುವುವು. ಅದನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಇಲ್ಲಿ ತುಪ್ಪ ಮಾಡುವ ಕೆಲಸವನ್ನು ಅಲ್ಲಿ ಜೇನುಮೇಣವು ಮಾಡುತ್ತದೆ. ಭಾಂಡವು ಬಿಸಿಯಾಗಿರುವಾಗಲೇ ಒಳಮೈಗೆ ಮೇಣವನ್ನು ಸವರುವರು. ಒಕ್ಕಲಿಗನ ಮನೆಯಲ್ಲಿ ಇವನ್ನು ಹೂಳಿದ ಕೋಣೆಗೆ ಮರಾನಿ ಎಂದು ಹೆಸರು. ಆ ಜನರು ಅದನ್ನು ದೇವರಮನೆಯಂತೆ ಕಾಣುತ್ತಾರೆ.

ಅಲ್ಲಿಯ ಬಿಳಿಯ ದ್ರಾಕ್ಷೆಗಳಲ್ಲಿ ರ್ಕಾತ್ಸಿತೇಲಿ ಮುಖ್ಯವಾದುದು. ಮ್ತ್ಸ್ವಾನೇ, ಕಿಸಿ, ಖಿಖ್ವಿ ಎಂಬುವೂ ಉಂಟು. (ಈ ಹೆಸರುಗಳನ್ನು ಉಚ್ಚರಿಸುವಾಗ ಸಂಯುಕ್ತಾಕ್ಷರಗಳಿಗೆ ಅಂಜದ ಸಂಸ್ಕೃತಪಾಠಕರೂ ಒಂದು ಗಳಿಗೆ ತಡೆಯಬೇಕಾದೀತು.) ಶರದೃತುವಿನಲ್ಲಿ ಹಣ್ಣನ್ನು ಕೊಯ್ದು, ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಯಲ್ಲಿ ಹಾಕಿ ಕಾಲಿನಿಂದ ತುಳಿಯುವರು. ರಸವು ಕ್ವೆವ್ರಿಗೆ ಹರಿಯುವುದು. ಉಳಿದ ಸಿಪ್ಪೆ, ಬೀಜ, ಪಕ್ವವಾದ ತೊಟ್ಟುಗಳು, ಇವೆಲ್ಲಕ್ಕೂ ಸೇರಿ ಚಾಚಾ ಎಂದು ಹೆಸರು, ಅವನ್ನೂ ಅದರೊಳಗೇ ಸುರಿಯುವರು. ಬೇರೆ ಹೆಪ್ಪನ್ನು ಹಾಕುವುದಿಲ್ಲ. ಒಂದೆರಡು ದಿನಗಳಲ್ಲಿ ರಸವು ತಾನಾಗಿಯೇ ಕುದಿಯತೊಡಗಿ ಸಿಪ್ಪೆಗಳನ್ನು ಮೇಲಕ್ಕೆ ಎತ್ತಿಹಿಡಿಯುವುದು. ಅವು ಒಣಗಿ ಹುಳಿಯದಂತೆ ದಿನಕ್ಕೆ ಮೂರು ನಾಲ್ಕು ಬಾರಿ ಕೋಲಿನಿಂದ ಕೆಳಕ್ಕೆ ಒತ್ತುವರು. ಕುದಿತ ಅಡಗಿದ ಮೇಲೆ ಸಿಪ್ಪೆಗಳು ತಾವಾಗಿ ಮುಳುಗುವುವು. ಬಳಿಕ ಕಲ್ಲಿನ ಮುಚ್ಚಳವಿಟ್ಟು ಜೇಡಿಮಣ್ಣಿನಿಂದ ಮೆತ್ತಿ ಮುಚ್ಚಿದರೆ, ತೆರೆಯುವುದು ವಸಂತದಲ್ಲಿ. ಐದಾರು ತಿಂಗಳು ಸಿಪ್ಪೆಯೊಡನೆ ವಾಸಮಾಡಿದ ರಸವು ಬಿಳಿಯದಾಗಿ ಉಳಿಯುವುದಿಲ್ಲ. ಜೇನಿನ ಬಣ್ಣದಿಂದ ಹಿಡಿದು ಹಾಲಿಲ್ಲದ ಚಹದ ಬಣ್ಣದವರೆಗೆ ತಿರುಗಿರುತ್ತದೆ. ಇದರಲ್ಲಿ ಒಗರು ಉಂಟು. ಪಶ್ಚಿಮಭಾಗದ ಇಮೆರೇತಿಯಲ್ಲಿ ಸಿಪ್ಪೆಯ ಸುಮಾರು ಹತ್ತನೆಯ ಒಂದು ಪಾಲನ್ನು ಮಾತ್ರ ಸೇರಿಸುವುದರಿಂದ ಅಲ್ಲಿಯ ರಸವು ಸೌಮ್ಯವಾದುದು.

ಭಾಂಡದ ತಳವು ಚೂಪಾಗಿರುವುದು ಸುಮ್ಮನೆ ಅಲ್ಲ. ಭಾರವಾದ ಬೀಜಗಳು ಮೊದಲು ಆ ಮೂಲೆಗೆ ಇಳಿಯುವುವು. ಅವುಗಳ ಮೇಲೆ ಗಸಿ, ಗಸಿಯ ಮೇಲೆ ಸಿಪ್ಪೆ. ಬೀಜದ ಕಹಿಯು ಗಸಿಯ ಪದರದ ಕೆಳಗೆ ಬಂಧಿತವಾಗಿ ರಸಕ್ಕೆ ಹೆಚ್ಚಾಗಿ ಏರುವುದಿಲ್ಲ. ಇದನ್ನು ಕಂಡುಕೊಂಡ ಕುಂಬಾರನ ಹೆಸರು ಯಾರಿಗೂ ಗೊತ್ತಿಲ್ಲ.

ಈ ಪದ್ಧತಿಗೆ ೮,೦೦೦ ವರ್ಷಗಳ ಪ್ರಾಚೀನತೆಯನ್ನು ಹೇಳುವ ರೂಢಿ ಹೆಚ್ಚಾಗಿದೆ. ಆಧಾರವೂ ಇಲ್ಲದೆ ಇಲ್ಲ. ಗದಾಚ್ರಿಲಿ ಗೋರಾ, ಶುಲಾವೇರಿಸ್ ಗೋರಾ ಎಂಬ ಹಾಳುದಿಬ್ಬಗಳ ಬೋಕಿಗಳಲ್ಲಿ ದ್ರಾಕ್ಷಾಮ್ಲದ ಶೇಷವು ಸಿಕ್ಕಿತೆಂದೂ, ಅವು ಕ್ರಿ. ಪೂ. ೬೦೦೦ದ ಸುಮಾರಿನವೆಂದೂ ೨೦೧೭ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಆದರೆ ಆ ಶೇಷದಿಂದ ತಿಳಿಯುವುದು ದ್ರಾಕ್ಷಾರಸವಿತ್ತೆಂಬುದಷ್ಟೆ. ರಸವು ಸಿಪ್ಪೆಯೊಡನೆ ಎಷ್ಟು ತಿಂಗಳಿತ್ತು, ಹಣ್ಣು ಬಿಳಿಯದೋ ಕರಿಯದೋ ಎಂಬುದನ್ನು ಬೋಕಿಯು ಹೇಳಲಾರದು.

ಈಗ ಮೂಲಪ್ರಶ್ನೆಗೆ ಬರಬಹುದು. ಸಿಪ್ಪೆಯು ಮಾಡುವ ಕೆಲಸವೇನು? ಸಾಧಾರಣವಾಗಿ ಬಿಳಿಯ ದ್ರಾಕ್ಷಾಮದ್ಯವನ್ನು ಮಾಡುವವರು ಹಣ್ಣನ್ನು ಹಿಂಡಿದ ಕೂಡಲೇ ಸಿಪ್ಪೆಯನ್ನು ಬೇರ್ಪಡಿಸಿ ತಿಳಿರಸವನ್ನು ಮಾತ್ರ ಹುದುಗಿಸುವರು. ಕೆಂಪುಮದ್ಯದಲ್ಲಿ ಬಣ್ಣವು ಸಿಪ್ಪೆಯಿಂದಲೇ ಬರಬೇಕಾದುದರಿಂದ ಅದನ್ನು ಜೊತೆಗೇ ಬಿಡುವರು. ಕಾಖೇತಿಯವರು ಬಿಳಿಯ ಹಣ್ಣನ್ನೂ ಕರಿಯ ಹಣ್ಣಿನಂತೆಯೇ ನಡೆಸಿಕೊಳ್ಳುತ್ತಾರೆ. ಸಿಪ್ಪೆಯಿಂದ ಎರಡು ಲಾಭಗಳು. ಒಂದು, ಹಣ್ಣಿನ ಮೈಮೇಲೆ ತೋಟದಿಂದಲೇ ಬಂದ ಹುದುಗುಜೀವಿಗಳು ರಸಕ್ಕೆ ಸೇರುವುವು. ಕೌಟಿಲ್ಯನು ಕಿಣ್ವವೆಂದು ಕರೆದು ಉದ್ದು ಅಕ್ಕಿಗಳಿಂದ ಮಾಡಿಸಿದ ವಸ್ತುವಿನ ಕಾರ್ಯವನ್ನು ಇಲ್ಲಿ ಸಿಪ್ಪೆಯೇ ಮಾಡುವುದು. ಇನ್ನೊಂದು, ಅದರ ಒಗರು ರಸವನ್ನು ಗಾಳಿಯಿಂದ ಕೆಡದಂತೆ ಕಾಯುವುದು.

ವೈದ್ಯರ ಭಾಂಡದಲ್ಲಿ ಈ ಸಿಪ್ಪೆಯು ಇದೆಯೆ? ಶಾರ್ಙ್ಗಧರನ ದ್ರಾಕ್ಷಾರಿಷ್ಟವನ್ನು ಗಮನವಿಟ್ಟು ಓದಬೇಕು. ಅರ್ಧ ತುಲಾ, ಎಂದರೆ ೫೦ ಪಲ ದ್ರಾಕ್ಷೆಯನ್ನು ಎರಡು ದ್ರೋಣ ನೀರಿನಲ್ಲಿ ಕಾಲುಭಾಗಕ್ಕೆ ಇಳಿಯುವಂತೆ ಕುದಿಸಿ, ಸೋಸಿ, ಆರಿಸಿ, ಎರಡು ತುಲಾ ಬೆಲ್ಲವನ್ನೂ ತ್ವಕ್, ಏಲಾ, ಪಿಪ್ಪಲೀ ಮುಂತಾದ ಚೂರ್ಣಗಳನ್ನೂ ಸೇರಿಸಿ ಭಾಂಡದಲ್ಲಿಡಬೇಕೆಂದು ಅವನ ವಿಧಿ. ಈಗಿನ ಔಷಧಕೋಶದ ಲೆಕ್ಕದಲ್ಲಿ ಸುಮಾರು ೨.೪ ಕಿಲೋ ದ್ರಾಕ್ಷೆಗೆ ೯.೬ ಕಿಲೋ ಬೆಲ್ಲ. ಇದರಿಂದ ಎರಡು ಸಂಗತಿಗಳು ಹೊರಡುವುವು. ಸಿಪ್ಪೆಯು ಕಷಾಯದಲ್ಲಿ ಬೇಯುವುದೇ ಹೊರತು ಸಂಧಾನದಲ್ಲಿ ಕೂಡುವುದಿಲ್ಲ. ಸೋಸುವಾಗ ಚರಟದ ಜೊತೆಗೆ ಹೊರಗೆ ಹೋಗುವುದು. ಎರಡನೆಯದಾಗಿ, ಹುದುಗುವ ಸಿಹಿಯಲ್ಲಿ ಹೆಚ್ಚಿನ ಪಾಲು ದ್ರಾಕ್ಷೆಯದಲ್ಲ, ಕಬ್ಬಿನದು. ಆದುದರಿಂದ ಕ್ವೆವ್ರಿಯ ರಸವೂ ದ್ರಾಕ್ಷಾರಿಷ್ಟವೂ ಒಂದೇ ಎಂದು ಅಭಿಮಾನದಿಂದ ಹೇಳಿಬಿಟ್ಟರೆ ಅದು ಸಲ್ಲದ ಮಾತಾಗುವುದು.

ಹಾಗಾದರೆ ಕುದಿಸಿದ ಮೇಲೆ ಹುದುಗುಜೀವಿಗಳು ಎಲ್ಲಿಂದ ಬಂದುವು? ಇಲ್ಲಿಯೇ ವೈದ್ಯರ ಜಾಣ್ಮೆ ಇರುವುದು. ದ್ರಾಕ್ಷಾಸವಾದಿಗಳಲ್ಲಿ ಧಾತಕೀಪುಷ್ಪವನ್ನು ಸೇರಿಸುವುದು ವಿಧಿ. ಅರಿಷ್ಟದ ಮೂಲಪಾಠದಲ್ಲಿ ಅದರ ಹೆಸರಿಲ್ಲದಿದ್ದರೂ ವೈದ್ಯರು ಹಾಕುವುದುಂಟು. ಸಹ್ಯಾದ್ರಿಯ ಸೆರಗಿನ ಕುರುಚಲು ಕಾಡುಗಳಲ್ಲಿ ಬೆಳೆದು, ಚಳಿಗಾಲದ ಕೊನೆಗೆ ಮೈತುಂಬ ಕೆಂಪುಹೂ ಬಿಡುವ ಪೊದೆ ಅದು. ನಿಘಂಟುಗಳಲ್ಲಿ ಬಣ್ಣದಿಂದ ತಾಮ್ರಪುಷ್ಪೀ, ವಹ್ನಿಜ್ವಾಲಾ ಎಂಬ ಹೆಸರುಗಳಿವೆ. ಕೆಲಸದಿಂದ ಬಂದ ಮತ್ತೊಂದು ಹೆಸರು ಮದ್ಯವಾಸಿನೀ. ಮಧು ತುಂಬಿದ ಆ ಹೂವಿನಲ್ಲಿ ಹುದುಗುಜೀವಿಗಳು ನೆಲಸಿರುತ್ತವೆಂದು ಆಧುನಿಕ ಪರೀಕ್ಷಕರು ಕಂಡಿದ್ದಾರೆ; ಅದರಲ್ಲಿ ಒಗರು ಕೂಡ ಪುಷ್ಕಳವಾಗಿದೆ. ಕಾಖೇತಿಯಲ್ಲಿ ಸಿಪ್ಪೆಯಿಂದ ದೊರೆಯುವ ಎರಡು ಲಾಭಗಳೂ ಇಲ್ಲಿ ಒಂದು ಕಾಡುಹೂವಿನಿಂದ ದೊರೆತುವು. ಹೋಲಿಕೆಯು ದ್ರಾಕ್ಷೆಯಲ್ಲಿಲ್ಲ, ಧಾತಕಿಯಲ್ಲಿದೆ.

ಇಷ್ಟು ಸುತ್ತುದಾರಿ ಏತಕ್ಕೆ ಬೇಕಾಯಿತೆಂದರೆ, ಹವೆಯೇ ಕಾರಣ. ಕಾಖೇತಿಯ ಹಣ್ಣು ಚಳಿಗಾಲದ ಮುಂದೆ ಮಾಗುವುದು. ಭಾಂಡದ ಸುತ್ತಣ ನೆಲವು ದಿನದಿನಕ್ಕೆ ತಣ್ಣಗಾಗುತ್ತ ಹೋಗುವುದು. ದಖ್ಖಣದಲ್ಲಿ ಬಳ್ಳಿಗೆ ಚಳಿನಿದ್ರೆ ಇಲ್ಲ. ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಸವರಿದರೆ, ಹಣ್ಣು ಬರುವುದು ಬೇಸಿಗೆಯ ಬಾಯಿಗೆ. ಆ ಬಿಸಿಯಲ್ಲಿ ಹಸಿಯ ರಸವನ್ನು ಸಿಪ್ಪೆಯೊಡನೆ ಬಿಟ್ಟರೆ ಬಹುಬೇಗ ಶುಕ್ತವಾಗುವುದು, ಎಂದರೆ ಹುಳಿಗಾಡಿಯಾಗುವುದು. ಆದಕಾರಣ ವಣಿಜರು ತಂದ ಒಣದ್ರಾಕ್ಷೆಯನ್ನು ಕುದಿಸಿ, ಬೆಲ್ಲದಿಂದ ಬಲಪಡಿಸಿ, ಧಾತಕಿಯಿಂದ ಹುದುಗಿಸಿ, ಮದ್ಯವಾಗಿ ಅಲ್ಲ, ಔಷಧವಾಗಿ ಗುಟುಕುಗುಟುಕಾಗಿ ಕೊಡುವ ಪದ್ಧತಿಯು ಈ ನಾಡಿಗೆ ಒಪ್ಪಿತು.

ಆ ಔಷಧದಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ ೫ರಿಂದ ೧೦ರಷ್ಟು ಇರುತ್ತದೆ. ಇದೇ ಕಾರಣದಿಂದ ಅದು ಕಾಯದೆಯ ಕಣ್ಣಿಗೆ ಬಿದ್ದಿತು. ಅಬಲೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ೧೯೪೯ರ ಮುಂಬಯಿ ಪಾನನಿರೋಧ ಕಾಯದೆಯು ಅಲ್ಲಿಗೂ ಅನ್ವಯಿಸಿತು. ಮದ್ಯಸಾರವುಳ್ಳ ದ್ರವಗಳೆಲ್ಲವೂ ಅದರ ವ್ಯಾಖ್ಯೆಯಲ್ಲಿ ಸೇರಿಹೋದುವು. ೧೯೫೧ರಲ್ಲಿ ಬಲ್ಸಾರಾ ಮೊಕದ್ದಮೆಯಲ್ಲಿ ಸರ್ವೋಚ್ಚನ್ಯಾಯಾಲಯವು, ಕಾಯದೆಯ ಬಹುಭಾಗವನ್ನು ಎತ್ತಿಹಿಡಿದರೂ, ಮದ್ಯಸಾರವುಳ್ಳ ಔಷಧಿ ಮತ್ತು ಪ್ರಸಾಧನವಸ್ತುಗಳಿಗೆ ಅದನ್ನು ಅನ್ವಯಿಸಿದ ವಿಧಿಗಳನ್ನು ರದ್ದುಮಾಡಿತು. ಪಾನನಿರೋಧವು ಎಷ್ಟೋ ಸಂಸಾರಗಳನ್ನು ಉಳಿಸಲೆಂದು ಹೊರಟ ಕೆಲಸ; ಅದನ್ನು ಹಗುರಾಗಿ ನುಡಿಯುವುದು ಉಚಿತವಲ್ಲ. ಆದರೂ ತಲೆಮಾರುಗಳಿಂದ ಭಾಂಡವನ್ನು ಹುಗಿದಿಡುತ್ತಿದ್ದ ವೈದ್ಯನಿಗೆ ಮದ್ದೂ ಮದ್ಯವೂ ಬೇರೆಯೆಂದು ನ್ಯಾಯಸ್ಥಾನವು ಹೇಳಬೇಕಾಗಿ ಬಂದುದು ವಿಚಾರಾರ್ಹವಾದ ಸಂಗತಿ. ತರುವಾಯ ಅವನ ಕೈಯಿಂದ ಕೆಲಸವನ್ನು ಕಸಿದುಕೊಂಡುದು ಕಾಯದೆಯಲ್ಲ, ಕಾರ್ಖಾನೆ. ಮರದ ಪೀಪಾಯಿ, ಬಳಿಕ ಉಕ್ಕಿನ ತೊಟ್ಟಿಗಳು ಬಂದುವು. ಧಾನ್ಯರಾಶಿಯಲ್ಲಿ ಹುಗಿದ ಗಡಿಗೆಯು ಗ್ರಂಥದಲ್ಲಿ ಉಳಿಯಿತು.

ಜಾರ್ಜಿಯಾದಲ್ಲಿಯೂ ಕಾರ್ಖಾನೆಯೇ ಬಂದಿತು. ಸೋವಿಯೆಟ್ ಆಡಳಿತದಲ್ಲಿ ದ್ರಾಕ್ಷೆಯು ಸರಕಾರದ ಕಾರ್ಖಾನೆಗಳಿಗೆ ಸಲ್ಲಬೇಕಾಗಿ, ನೂರಾರು ತಳಿಗಳಿದ್ದೆಡೆ ಹೆಚ್ಚು ಫಲಕೊಡುವ ಕೆಲವೇ ತಳಿಗಳು ಹಬ್ಬಿದುವು. ೧೯೮೫ರಲ್ಲಿ ಗೊರ್ಬಚೇವರ ಪಾನವಿರೋಧಿ ಚಳವಳಿಯಲ್ಲಿ ತೋಟಗಳನ್ನು ಕಿತ್ತರು. ೨೦೦೬ರಲ್ಲಿ ರಷ್ಯವು ಅಲ್ಲಿಯ ಮದ್ಯದ ಆಮದನ್ನೇ ನಿಲ್ಲಿಸಿತು. ಈ ನಿರ್ಬಂಧ ಸಡಿಲವಾದುದು ೨೦೧೩ರಲ್ಲಿ. ಆದರೆ ಇಷ್ಟು ಕಾಲವೂ ಒಕ್ಕಲಿಗನ ಹಿತ್ತಲಲ್ಲಿ ಮನೆಯ ಬಳಕೆಗೆಂದು ನಾಲ್ಕು ಸಾಲು ಬಳ್ಳಿಯೂ ಮರಾನಿಯಲ್ಲಿ ಒಂದೆರಡು ಕ್ವೆವ್ರಿಯೂ ಉಳಿದಿದ್ದುವು. ಮದುವೆಗೆ, ಹಬ್ಬಕ್ಕೆ, ಸತ್ತವರ ನೆನಪಿಗೆ ಅದನ್ನು ತೆರೆಯುತ್ತಿದ್ದರು. ಮಾರಾಟಕ್ಕೆ ಬಾರದುದು ಉಳಿಯಿತು. ಇಟಲಿಯ ಫ್ರಿಯೂಲಿಯಲ್ಲಿ ಓಸ್ಲಾವಿಯಾ ಎಂಬ ಹಳ್ಳಿಯ ಯೋಷ್ಕೋ ಗ್ರಾವ್ನರ್ ಎಂಬ ಒಕ್ಕಲಿಗರು, ಉಕ್ಕಿನ ತೊಟ್ಟಿಗಳಿಂದ ಖ್ಯಾತಿಯನ್ನು ಪಡೆದ ಬಳಿಕ ಅವುಗಳಿಂದ ಬೇಸತ್ತು, ೨೦೦೦ದಲ್ಲಿ ಜಾರ್ಜಿಯಾಕ್ಕೆ ಹೋಗಿ ಕ್ವೆವ್ರಿಗಳನ್ನು ತರಿಸಿ, ತಮ್ಮ ಸೀಮೆಯ ರಿಬೋಲ್ಲಾ ದ್ರಾಕ್ಷೆಯನ್ನು ಸಿಪ್ಪೆಯೊಡನೆ ಹುದುಗಿಸಿದರು. ಅವರ ತಂದೆತಾತಂದಿರ ಕಾಲದಲ್ಲಿಯೂ ಆ ಸೀಮೆಯಲ್ಲಿ ಸಿಪ್ಪೆಯನ್ನು ಕೆಲವು ದಿನ ರಸದಲ್ಲಿ ಬಿಡುವ ರೂಢಿಯಿದ್ದಿತು. ೨೦೧೩ರಲ್ಲಿ ಯುನೆಸ್ಕೋ ಸಂಸ್ಥೆಯು ಕ್ವೆವ್ರಿ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡನಾಡಿನಲ್ಲಿ ಈಗ ಬಿಳಿಯ ದ್ರಾಕ್ಷೆಗೆ ಕೊರತೆಯಿಲ್ಲ. ವಿಜಯಪುರ, ಬಾಗಲಕೋಟೆ ಸೀಮೆಗಳಲ್ಲಿ ಬೀಜವಿಲ್ಲದ ಥಾಮ್ಸನ್ ತಳಿಯನ್ನು ಬೆಳೆದು ಹೆಚ್ಚಾಗಿ ಒಣದ್ರಾಕ್ಷೆ ಮಾಡುವರು. ಗೊಂಚಲನ್ನು ಕ್ಷಾರ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಸಿಪ್ಪೆಯ ಮೇಲಿನ ಮೇಣದ ಹೊದಿಕೆಯನ್ನು ತೆಗೆದು, ನೆರಳಿನ ಅಟ್ಟಗಳಲ್ಲಿ ಹರವಿದರೆ ಎರಡು ವಾರಗಳಲ್ಲಿ ಒಣಗುತ್ತದೆ. ದೊಡ್ಡಬಳ್ಳಾಪುರದ ಬಳಿ ೧೯೮೮ರಿಂದ ಫ್ರೆಂಚ್ ತಳಿಗಳ ತೋಟಗಳಾಗಿವೆ. ೨೦೦೭ರಲ್ಲಿ ರಾಜ್ಯ ಸರಕಾರವು ದ್ರಾಕ್ಷಾರಸಕ್ಕೆಂದೇ ಒಂದು ನೀತಿಯನ್ನು ಹೊರಡಿಸಿತು. ಅಲ್ಲಿಯ ಬಿಳಿಯ ಮದ್ಯಕ್ಕೆ ಸಾಮಾನ್ಯವಾದ ಮಾರ್ಗವೆಂದರೆ ಸಿಪ್ಪೆ ತೆಗೆದ ರಸ, ತಣ್ಣಗಿಟ್ಟ ಉಕ್ಕಿನ ತೊಟ್ಟಿ. ಬೇಸಿಗೆಯ ತೊಡಕನ್ನು ಯಂತ್ರವು ಬಿಡಿಸಿದೆ.

ಯಂತ್ರವು ಬಿಡಿಸಲಾರದುದು ಭಾಂಡದ ತೊಡಕು. ಕ್ವೆವ್ರಿಯನ್ನು ಮಾಡಬಲ್ಲ ಮನೆತನಗಳು ಜಾರ್ಜಿಯಾದಲ್ಲಿಯೇ ಕಾಖೇತಿಯ ವಾರ್ದಿಸುಬಾನಿ, ಇಮೆರೇತಿಯ ಮಾಕಾತುಬಾನಿ, ಶ್ರೋಶಾ ಮೊದಲಾದ ಕೆಲವೇ ಹಳ್ಳಿಗಳಲ್ಲಿ ಉಳಿದಿವೆ. ತಂದೆಯಿಂದ ಮಗನು ಕಲಿಯಬೇಕಾದ ವಿದ್ಯೆ ಅದು. ದೊಡ್ಡ ಭಾಂಡವು ತಿಗರಿಯ ಮೇಲೆ ಆಗುವುದಿಲ್ಲ. ಮಣ್ಣಿನ ಸುರುಳಿಯನ್ನು ಸುತ್ತಿ ಒಂದಿಷ್ಟು ಎತ್ತರ ಕಟ್ಟುವುದು, ಅದು ಬಿಗಿಯುವವರೆಗೆ ಬಿಡುವುದು, ಮತ್ತೆ ಅದರ ಮೇಲೆ ಕಟ್ಟುವುದು; ಹೀಗೆ ಮೂರು ತಿಂಗಳವರೆಗೂ ಹಿಡಿಯುವುದುಂಟು. ಬಳಿಕ ಒಂದು ವಾರ ಆವಿಗೆಯಲ್ಲಿ ಬೇಯಬೇಕು. ಹಿರೇಕೆರೂರು ಸೀಮೆಯಲ್ಲಿ ನೀರಿನ ಹರವಿಗೂ ಕಾಳಿನ ಗುಡಾಣಕ್ಕೂ ಬದಲಾಗಿ ತಗಡೂ ಪ್ಲಾಸ್ಟಿಕ್ಕೂ ಬಂದು ಬಹುಕಾಲವಾಯಿತು. ಕುಂಬಾರರ ಆವಿಗೆಗೆ ಈಗ ಹೆಚ್ಚಾಗಿ ಏರುವುದು ದೀಪಾವಳಿಯ ಹಣತೆ, ಬೇಸಿಗೆಯ ತಣ್ಣೀರಿನ ಕೊಡ.